ಜುಂಜನೂ ಬಾಯಿ ಬಿಡದ ಕಬ್ಬಿಣವೂ

ಹೇಳಿದ್ದನ್ನ ಹೇಳಿದ ಹಾಗೇ ಮಾಡೋ ಮಗ ಬೇಕು ಅಂತ ಬೊಮ್ಮಕ್ಕ ಹರಕೆ ಹೊತ್ತಿದ್ದಳಂತೆ. ದೇವರಿಗೆ ಆವತ್ತು ಬೇರೆ ಕೆಲಸ ಇರಲಿಲ್ಲವೇನೋ, ಕೇಳಿದ್ದನ್ನ ಕೇಳಿದ ಹಾಗೇ ಕೊಟ್ಟುಬಿಟ್ಟ.

ಆ ಮಗನೇ ಜುಂಜ. ವಯಸ್ಸು ಇಪ್ಪತ್ತೆಂಟು. ಎತ್ತಿನಂಥ ಮೈ, ಕರುವಿನಂಥ ಕಣ್ಣು. ತಲೆಯೊಂದನ್ನು ಮಾತ್ರ ಅಂಗಡಿಯಿಂದ ತಂದವನು ಪ್ಯಾಕೆಟ್ ಒಡೆಯದೆ ಹಾಗೇ ಇಟ್ಟುಕೊಂಡಿದ್ದ. ಇದೆಲ್ಲ ನಿಜವಾ ಅಂತ ನನ್ನ ಕೇಳಬೇಡಿ. ಕಣ್ಣಾರೆ ಕಂಡಿದ್ದು ಅರ್ಧ, ಕಿವಿಯಾರೆ ಕೇಳಿದ್ದು ಅರ್ಧ, ಉಳಿದರ್ಧ ಮಾತ್ರ ನಾನು ಹಾಕಿದ್ದು.

ಬೊಮ್ಮಕ್ಕ ಮಗನನ್ನ ಮೊದಲು ಹೋಟೆಲಿಗೆ ಸೇರಿಸಿದಳು. ಹೋಟೆಲಿನವನು ಅಂದ, "ಚಟ್ನಿ ಕೇಳಿದ್ರೆ ಮಾತ್ರ ಹಾಕು ಕಣಪ್ಪ."

ಜುಂಜ ಚಟ್ನಿ ಬಕೆಟ್ಟಿಗೆ ಕಿವಿ ಕೊಟ್ಟು ಕೂತ. ಗಿರಾಕಿಗಳು ಚಟ್ನಿ, ಚಟ್ನಿ ಅಂತ ಬಾಯಿ ಬಡಿದುಕೊಂಡರು. "ತಡೀರಿ ಸಾಮಿ, ಅದಿನ್ನೂ ಕೇಳಿಲ್ಲ" ಅಂದ. ಮಧ್ಯಾಹ್ನಕ್ಕೆ ಮನೆಗೆ ಬಂದ.

ಆಮೇಲೆ ಬಸ್ ಸ್ಟ್ಯಾಂಡಲ್ಲಿ ಗಂಟುಮೂಟೆ ಹೊರೋ ಕೆಲಸ. ಯಾರೋ ಅಂದರು, "ಓಡಿ ಹೋಗಿ ಒಂದು ಸೀಟು ಹಿಡಿಯೋ!" ಓಡಿದ, ಹಿಡಿದ. ಬಿಡು ಅಂತ ಯಾರೂ ಅನ್ನಲಿಲ್ಲವಲ್ಲ, ದಾವಣಗೆರೆ ತನಕ ಹಿಡಿದುಕೊಂಡೇ ಹೋದ.

"ಅಯ್ಯೋ ನನ್ನ ಕರ್ಮವೇ! ನಿನ್ನ ಹೆರೋ ಬದ್ಲು ಒಂದು ಒರಳುಕಲ್ಲು ಹೆತ್ತಿದ್ರೆ ಖಾರ ರುಬ್ಬಕ್ಕಾದ್ರೂ ಆಗ್ತಿತ್ತಲ್ಲೋ!" ಅಂತ ಬೊಮ್ಮಕ್ಕ ಹಣೆ ಚಚ್ಚಿಕೊಂಡಳು.

"ಹಂಗಾದ್ರೆ ನಾನೇ ಇರ್ತೀನಿ ಬಿಡವ್ವ" ಅಂತ ಜುಂಜ ಒರಳಿನ ಪಕ್ಕ ಬಾಯಿ ತೆರೆದುಕೊಂಡು ಮಲಗಿದ. ಇನ್ನೇನು ಹೇಳೋದು?

ಹಿರಿಯೂರಿಂದ ಚಳ್ಳಕೆರೆಗೆ ಹೋಗೋ ರಸ್ತೆಯಲ್ಲಿ ಪಾಲಯ್ಯ ಮೇಸ್ತ್ರಿಯ ಶೆಡ್ಡು. ಜೆಸಿಬಿ, ಕ್ರೇನು, ಜಲ್ಲಿ ಮಿಷಿನ್ನು, ದೊಡ್ಡದಾಗಿದ್ದು ಕೆಟ್ಟುಹೋದದ್ದು ಯಾವುದೇ ಇರಲಿ, ಅಲ್ಲಿಗೇ ಬರಬೇಕು. ಆ ಶೆಡ್ಡಿನ ಅಂಗಳದಲ್ಲೇ ಬೊಮ್ಮಕ್ಕನದೊಂದು ತಗಡಿನ ಗುಡಿಸಲು. ಹನ್ನೆರಡು ವರ್ಷದಿಂದ ಕೆಲಸದವರಿಗೆಲ್ಲ ಮುದ್ದೆ ಬೇಯಿಸಿ ಹಾಕುತ್ತಿದ್ದಳು. ಆ ಒಲೆ ಉರಿದರೆ ಅವಳ ಬದುಕು, ಆರಿದರೆ ಇಲ್ಲ. ಮೇಸ್ತ್ರಿಯ ಕೈಕೆಳಗಿನವನು ಆಗಷ್ಟೇ ಕೆಲಸ ಬಿಟ್ಟಿದ್ದ. ಬೊಮ್ಮಕ್ಕ ಸೆರಗೊಡ್ಡಿ ನಿಂತಳು.

"ಒಂದು ವಾರ ನೋಡ್ತೀನಿ ಬೊಮ್ಮಕ್ಕ" ಅಂದ ಪಾಲಯ್ಯ. "ಶನಿವಾರ ಸಾವ್ಕಾರ್ ರುದ್ರಮುನಿಯವರ ಕ್ರೇನಿನ ಹುಕ್ಕು ಬರುತ್ತೆ. ಬಿರುಕು ಇದೆಯಾ ಇಲ್ವಾ ನೋಡಿ ಕೊಡಬೇಕು. ನಿನ್ನ ಮಗ ಅದನ್ನ ಸರಿಯಾಗಿ ಮಾಡಿದ್ರೆ ಇಬ್ರೂ ಇರಿ. ಕೆಡಿಸಿದನೋ, ಅವನ ಹಿಂದೆ ನಿನ್ನ ಒಲೆಕಲ್ಲೂ ಆಚೆ!"

ಬೊಮ್ಮಕ್ಕ ಮಗನ ಕಿವಿ ಹಿಡಿದಳು. "ಕೇಳಿಸ್ತಾ? ಮೇಸ್ತ್ರಿ ಏನು ಹೇಳಿದ್ರೂ ಹೇಳಿದಂಗೇ ಮಾಡ್ಬೇಕು. ಒಂದಕ್ಷರ ಆಚೀಚೆ ಆಗಬಾರ್ದು!"

"ಹಂಗೇ ಮಾಡ್ತೀನವ್ವ" ಅಂದ ಜುಂಜ. ಹಂಗೇ ಮಾಡಿದ. ಬಂದ ಕಷ್ಟವೇ ಅದು.

ಸೋಮವಾರ ಬೆಳಿಗ್ಗೆ ಪಾಲಯ್ಯ ಮೂರು ಡಬ್ಬ ಸಾಲಾಗಿ ಇಟ್ಟ. ಒತ್ತಿದರೆ ಬುಸ್ಸಂತ ಹೊಡೆಯೋ ಡಬ್ಬಗಳು.

"ನೋಡಪ್ಪ ಜುಂಜ, ಕಬ್ಬಿಣ ಸುಳ್ಳು ಹೇಳುತ್ತೆ. ಮೇಲೆ ನುಣ್ಣಗೆ ಕಾಣುತ್ತೆ, ಬಿರುಕು ಕೂದಲಷ್ಟಿದ್ರೆ ಕಣ್ಣಿಗೆ ಬೀಳಲ್ಲ. ಇದು ತೊಳೆಯೋ ಔಷಧಿ. ಮೊದಲು ಇದರಲ್ಲಿ ಜಿಡ್ಡು ತೆಗೀಬೇಕು. ಇದು ಕೆಂಪು. ಇದನ್ನ ಹೊಡೆದ್ರೆ ಬಿರುಕಿನೊಳಗೆ ಇಳಿದು ಕೂರುತ್ತೆ. ಮೇಲಿಂದು ಒರೆಸಿ ತೆಗೀಬೇಕು. ಇದು ಬಿಳಿ. ಇದನ್ನ ಹೊಡೆದ್ರೆ ಒಳಗೆ ಅವಿತ ಕೆಂಪು ಎದ್ದು ಮೇಲೆ ಬರುತ್ತೆ. ಕಳ್ಳ ಬಾಯಿ ಬಿಟ್ಟಂಗೆ! ತಿಳೀತಾ?"

"ತಿಳೀತು. ಕಳ್ಳ ಬಾಯಿ ಬಿಟ್ಟಂಗೆ."

"ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಗಾಳಿ ಆಡೋ ಕಡೆ ಕೂತು ಮಾಡ್ಬೇಕು. ಕೆಲಸ ಆದ್ಮೇಲೆ ಎಲ್ಲ ಒರೆಸಿಡಬೇಕು. ಇನ್ನೊಂದು ಮಾತು, ಕಿವಿ ಕೊಟ್ಟು ಕೇಳು. ಬಿರುಕಿರೋ ಹುಕ್ಕಿನ ಕೆಳಗೆ ಹೆತ್ತ ತಾಯಿ ನಿಂತಿದ್ರೂ ಸರಿಯೇ, ರಟ್ಟೆ ಹಿಡಿದು ಎಳೆದು ಆಚೆ ಹಾಕು! ಮಿಕ್ಕಿದ್ದೆಲ್ಲ ಆಮೇಲೆ."

"ಹೆತ್ತ ತಾಯಿ ನಿಂತಿದ್ರೂ" ಅಂತ ಜುಂಜ ಬಾಯಿಪಾಠ ಮಾಡಿಕೊಂಡ.

ಕಲಿಯೋದಕ್ಕೆ ಅಂತ ಪಾಲಯ್ಯ ಅವನಿಗೊಂದು ಪಿನ್ನು ಕೊಟ್ಟ. ಪಿನ್ನು ಅಂದರೆ ಸೀರೆಗೆ ಚುಚ್ಚೋದಲ್ಲ. ಜೆಸಿಬಿಯ ಬಕೆಟ್ಟನ್ನ ಅದರ ತೋಳಿಗೆ ಸಿಕ್ಕಿಸೋ ಕಬ್ಬಿಣದ ಗುಂಡು ಗೂಟ, ಮೊಳದುದ್ದ, ಹದಿನೈದು ಕೆಜಿ. (ಹೋದ ವರ್ಷ ಈ ಕತೆ ಹೇಳಿದಾಗ ಹನ್ನೆರಡಿತ್ತು. ಕಬ್ಬಿಣ ಅಲ್ವಾ, ಬೆಳೆಯುತ್ತೆ.)

"ಎಣ್ಣೆಸ್ನಾನ ಮಾಡ್ಸಿದ ಮಗೂನ ತೊಳೆದಂಗೆ ತೊಳಿ. ಒಂಚೂರು ಜಿಡ್ಡು ಇರಬಾರ್ದು" ಅಂದು ಪಾಲಯ್ಯ ಆಚೆ ಹೋದ.

ಮೇಸ್ತ್ರಿ ವಾಪಸ್ ಬಂದು ನೋಡಿದರೆ ಪಿನ್ನು ಎಲ್ಲಿ? ತಗಡಿನ ಗುಡಿಸಲ ಹಿಂದಿಂದ ಸಾಂಬ್ರಾಣಿ ಹೊಗೆ ಬರ್ತಾ ಇದೆ. ಹೋಗಿ ನೋಡುತ್ತಾನೆ, ಜುಂಜ ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಪಿನ್ನು ಮಲಗಿಸಿಕೊಂಡು, ಅರ್ಧ ಸೇರು ಹರಳೆಣ್ಣೆ ತಟ್ಟಿ, ಸೀಗೆಪುಡಿ ಉಜ್ಜಿ, ಬಿಸಿನೀರು ಹುಯ್ದು, ಹಳೇ ಸೀರೆ ತುಂಡಲ್ಲಿ ಸುತ್ತಿದ್ದಾನೆ. ಪಿನ್ನಿನ ಒಂದು ಕೊನೆಗೆ ಕಾಡಿಗೆಯ ದೃಷ್ಟಿಬೊಟ್ಟು ಬೇರೆ.

"ಏನೋ ಇದು!"

"ಶ್‌! ಈಗಷ್ಟೇ ಮಲಗೈತೆ."

"ಲೋ ಕತ್ತೆ ಬಡವ! ಜಿಡ್ಡು ತೆಗಿಯೋ ಅಂದ್ರೆ ಎಣ್ಣೆ ಹಚ್ಚಿದ್ಯೇನೋ!"

"ಎಣ್ಣೆಸ್ನಾನ ಅಂದ್ರಲ್ಲ. ಎಣ್ಣೆ ಹಚ್ಚದೆ ಹೆಂಗೆ?"

ಪಾಲಯ್ಯನಿಗೆ ಉಸಿರು ಮೇಲೆ ಕೆಳಗೆ ಆಯಿತು. "ಎಣ್ಣೆ ನಮಗೆ ಶತ್ರು ಕಣೋ! ಎಣ್ಣೆ ಎಲ್ಲಿ ಕಂಡ್ರೂ ಸರಿ, ಮುಲಾಜು ನೋಡದೆ ಬುಸ್ಸಂತ ಔಷಧಿ ಹೊಡಿ, ಗಸಗಸ ಒರೆಸು!"

"ಹಂಗೇ ಆಗ್ಲಿ. ಇನ್ಮೇಲೆ ಹಂಗೇ ಮಾಡ್ತೀನಿ."

ಮಂಗಳವಾರ ಸಾವ್ಕಾರ್ ರುದ್ರಮುನಿ ಶೆಡ್ಡಿಗೆ ಬಂದರು. ಜೀಪಿಂದ ಇಳಿದರು, ಕುರ್ಚಿ ಮೇಲೆ ಕೂತರು, ಎಲೆ ಅಡಿಕೆ ಬಾಯಿಗಿಟ್ಟರು. ಊರಿಗೆಲ್ಲ ನಲವತ್ತಾರು ಅಂತ ಹೇಳಿಕೊಂಡು ಹದಿನಾಲ್ಕು ವರ್ಷ ಆಗಿತ್ತು. ಕೂದಲು ಮಾತ್ರ ಕಾಗೆ ಕಂಡರೆ ನಾಚಬೇಕು, ಅಷ್ಟು ಕಪ್ಪು. ಅದರ ಮೇಲೆ ಕೊಬ್ಬರಿ ಎಣ್ಣೆ ಮಿರಮಿರ.

ಜುಂಜ ಕಂಬದ ಮರೆಯಿಂದ ನೋಡಿದ. ಎಣ್ಣೆ! ಶತ್ರು!

ಹಿಂದಿಂದ ಬಂದ. ಬುಸ್ಸ್‌! ಗಸಗಸ ಗಸಗಸ!

"ಅಯ್ಯಯ್ಯೋ! ಯಾವನೋ ಅವನು! ಬಿಡೋ! ಪಾಲಯ್ಯಾ!"

"ಅಲ್ಲಾಡಬೇಡಿ ಸಾವ್ಕಾರ್ರೆ, ಕಿವಿ ಹಿಂದೆ ಇನ್ನೂ ಜಿಡ್ಡೈತೆ!"

ಪಾಲಯ್ಯ ಓಡಿ ಬಂದು ಬಿಡಿಸೋ ಹೊತ್ತಿಗೆ ಕೆಲಸ ಮುಗಿದಿತ್ತು. ಎಣ್ಣೆ ಹೋಯಿತು, ಎಣ್ಣೆ ಜೊತೆ ಕಪ್ಪೂ ಹೋಯಿತು. ಬಟ್ಟೆ ಕರೀ ಮಸಿ, ತಲೆ ಬಿಳೀ ಹತ್ತಿ. ಶೆಡ್ಡಿನವರೆಲ್ಲ ಕೈಯಲ್ಲಿದ್ದ ಸ್ಪ್ಯಾನರು ಕೆಳಗೆ ಹಾಕಿ ನೋಡಿದರು. ಸಾವ್ಕಾರ್ರು ಜೀಪಿನ ಕನ್ನಡಿಯಲ್ಲಿ ನೋಡಿಕೊಂಡರು. ಕನ್ನಡಿಯೊಳಗೆ ಅವರ ಅಪ್ಪ ಕೂತಿದ್ದ.

"ಶನಿವಾರ ನನ್ನ ಹುಕ್ಕಿಗೆ ಏನಾದ್ರೂ ಹೆಚ್ಚುಕಮ್ಮಿ ಆಗ್ಲಿ ಪಾಲಯ್ಯ" ಅಂದರು ಟವೆಲು ಸುತ್ತಿಕೊಳ್ಳುತ್ತಾ, "ನಿನ್ನ ಶೆಡ್ಡು, ಇವನು, ಆ ಮುದ್ದೆಯವಳು, ಮೂವರನ್ನೂ ನೋಡ್ಕೋತೀನಿ!" ಜೀಪು ಹೋಯಿತು.

ಬೊಮ್ಮಕ್ಕ ಮುದ್ದೆ ತಿರುವೋ ಕೋಲು ಹಿಡಿದು ಬಂದಳು. ಎರಡು ಬಿಟ್ಟಳು. "ಮನುಷ್ಯರ ತಲೆ ಮೇಲೆ ಕೈ ಹಾಕ್ತೀಯೇನೋ, ಹಾಳಾದೋನೆ!"

"ಕಬ್ಬಿಣದ ಕೆಲಸ ಕಬ್ಬಿಣಕ್ಕೆ ಮಾಡೋ!" ಅಂದ ಪಾಲಯ್ಯ. "ನಾಳೆ ಪಿನ್ನು ಶುದ್ಧವಾಗಿ ಒರೆಸು, ಕೆಂಪು ಹೊಡಿ, ಹತ್ತು ನಿಮಿಷ ಬಿಟ್ಟು ಬಾ. ಅಷ್ಟೇ! ಇನ್ನೇನೂ ಮಾಡಬೇಡ!"

"ಹತ್ತು ನಿಮಿಷ, ಬಿಟ್ಟು ಬಾ. ಹಂಗೇ ಮಾಡ್ತೀನಿ."

ಬುಧವಾರ ಜುಂಜ ಪಿನ್ನು ಒರೆಸಿದ. ಕೆಂಪು ಹೊಡೆದ. ತಲೆ ಮೇಲೆ ಹೊತ್ತ. ರಸ್ತೆ ಹಿಡಿದು ಹೊರಟ. ಹತ್ತು ನಿಮಿಷ ನಡೆದ. ಹತ್ತು ನಿಮಿಷಕ್ಕೆ ಸರಿಯಾಗಿ ಒಂದು ಬೇವಿನ ಮರ ಸಿಕ್ಕಿತು. ಮರದ ಬುಡದಲ್ಲಿ ಪಿನ್ನು ನೆಟ್ಟಗೆ ನಿಲ್ಲಿಸಿದ. ಬಿಟ್ಟ. ಬಂದ.

"ಪಿನ್ನೆಲ್ಲೋ?" ಅಂದ ಪಾಲಯ್ಯ.

"ಹತ್ತು ನಿಮಿಷ ಬಿಟ್ಟು ಬಂದೆ."

"ಎಲ್ಲಿ?"

"ಹತ್ತು ನಿಮಿಷದಲ್ಲಿ."

ಹತ್ತು ನಿಮಿಷ ಅಂದರೆ ಎಲ್ಲಿ ಅಂತ ಪಾಲಯ್ಯನಿಗೆ ಅರ್ಥ ಆಗೋಕೆ ಅರ್ಧ ಗಂಟೆ ಹಿಡಿಯಿತು. ಜುಂಜನ ಕತ್ತು ಹಿಡಿದುಕೊಂಡು ಬೇವಿನ ಮರದ ಹತ್ತಿರ ಹೋದರೆ ಅಲ್ಲಿ ಜನ! ಬೇವಿನ ಮರದ ಬುಡ, ನೆಟ್ಟಗೆ ನಿಂತ ಗುಂಡು, ಮೈಯೆಲ್ಲ ಕೆಂಪು. ಹಾದಿಹೋಕರಿಗೆ ಇನ್ನೇನು ಬೇಕು? ಮೊದಲು ಬಂದವಳು ಅರಿಶಿನ ಹಚ್ಚಿ ಹೋಗಿದ್ದಳು. ಎರಡನೆಯವಳು ಕಣಗಿಲೆ ಹೂವು. ಮೂರನೆಯವನು ಲಾರಿ ನಿಲ್ಲಿಸಿ ನಿಂಬೆಹಣ್ಣು ಕೊಯ್ದಿದ್ದ. ಪಾಲಯ್ಯ ಹೋಗೋ ಹೊತ್ತಿಗೆ ಒಬ್ಬ ಮುದುಕಪ್ಪ ಟವೆಲು ಸೊಂಟಕ್ಕೆ ಕಟ್ಟಿಕೊಂಡು ತೀರ್ಥ ಕೊಡ್ತಾ ಇದ್ದ.

"ಸರೀರಮ್ಮ, ಅದು ನಮ್ಮದು" ಅಂತ ಪಾಲಯ್ಯ ಕೈ ಹಾಕಿದ.

"ಏಯ್! ಚಪ್ಪಲಿ ಬಿಡಯ್ಯ ಮೊದಲು!" ಅಂದಳೊಬ್ಬಳು. "ತಂದೆ ತಾನಾಗಿ ಮೂಡಿದ್ದಾನೆ. ನಿಮ್ಮದಂತೆ!"

"ಮೂಡಿಲ್ಲ ಕಣಮ್ಮ, ಇವನು ತಂದಿಟ್ಟಿದ್ದು! ಇದು ಬಕೆಟ್ಟಿನ ಪಿನ್ನು! ಬಕೆಟ್ಟು, ಬಕೆಟ್ಟು!"

ಮುದುಕಪ್ಪ ಕಣ್ಣು ಮುಚ್ಚಿದ. ಮೈ ನಡುಗಿಸಿದ. "ಬಕೆಟ್ಟಪ್ಪಾ..." ಅಂದ. "ಹೆಸರು ಹೇಳಿಸ್ಕೊಂಡೆಯಲ್ಲೋ ತಂದೆ!"

"ಬಕೆಟ್ಟಪ್ಪನ ಪಾದಕ್ಕೆ ಗೋವಿಂದಾ!" ಅಂತ ಜನ ಕೂಗಿದರು. ಜುಂಜನೂ ಕೂಗಿದ. ಪಾಲಯ್ಯ ಅವನ ತಲೆ ಮೇಲೆ ಒಂದು ಬಿಟ್ಟ.

ಕಡೆಗೆ ಏನಾಯಿತು ಅಂದರೆ, ಪಾಲಯ್ಯ ಶೆಡ್ಡಿಂದ ಒಂದು ಹಲ್ಲು ಮುರಿದ ಗೇರ್ ಚಕ್ರ ತರಿಸಿ ಅಲ್ಲಿಟ್ಟ. ಚಕ್ರ ಅಂದ ಮೇಲೆ ವಿಷ್ಣುವಿಂದೇ ಇರಬೇಕು ಅಂತ ಮುದುಕಪ್ಪ ತೀರ್ಮಾನ ಕೊಟ್ಟ. ಬಕೆಟ್ಟಪ್ಪ ತೆಂಗಿನಕಾಯಿ ನೀರು ಸೋರಿಸುತ್ತಾ ಜುಂಜನ ತಲೆ ಮೇಲೆ ವಾಪಸ್ ಬಂದ. ಆ ಗೇರ್ ಚಕ್ರಕ್ಕೆ ಈಗಲೂ ಶನಿವಾರ ಶನಿವಾರ ಪೂಜೆ ಇದೆ. ನಾನೇ ಒಂದು ಕಾಯಿ ಒಡೆಸಿದ್ದೇನೆ, ಒಳ್ಳೇದೇ ಆಗಿದೆ.

"ಬಿಟ್ಟು ಬಾ ಅಂದ್ರೆ ಊರಾಚೆ ಬಿಟ್ಟು ಬರೋದಲ್ಲ ಕಣೋ! ಇದ್ದಲ್ಲೇ ಬಿಡಬೇಕು!" ಅಂದ ಪಾಲಯ್ಯ. "ಹತ್ತು ನಿಮಿಷ ಆದ್ಮೇಲೆ ಮೇಲಿನ ಕೆಂಪು ಒರೆಸಬೇಕು. ಒರೆಸುವಾಗ ಔಷಧಿ ಸೀದಾ ಕಬ್ಬಿಣಕ್ಕೆ ಹೊಡೆದ್ಯೋ, ಬಿರುಕೊಳಗಿನ ಕೆಂಪೂ ತೊಳೆದು ಹೋಗುತ್ತೆ. ಅದಕ್ಕೇ ಬಟ್ಟೆಗೆ ಹೊಡ್ಕೋಬೇಕು, ಆಮೇಲೆ ಉಜ್ಜಬೇಕು. ಏನು?"

"ಬಟ್ಟೆಗೆ ಹೊಡ್ಕೋಬೇಕು, ಉಜ್ಜಬೇಕು."

ಗುರುವಾರ ಜುಂಜ ಕೆಂಪು ಹೊಡೆದ. ಇದ್ದಲ್ಲೇ ಬಿಟ್ಟ. ಹತ್ತು ನಿಮಿಷ ಕಾದ. ಆಮೇಲೆ ಡಬ್ಬ ತೆಗೆದುಕೊಂಡು ತನ್ನ ಬಟ್ಟೆಗೆ ಹೊಡೆದುಕೊಂಡ. ಅಂಗಿಗೆ ಬುಸ್ಸ್‌, ಲುಂಗಿಗೆ ಬುಸ್ಸ್‌, ಹಿಂದಕ್ಕೆ ಕೈ ತಿರುಗಿಸಿ ಕುಂಡೆ ಮೇಲೂ ಬುಸ್ಸ್‌. ಪಿನ್ನಿನ ಮೇಲೆ ಕೂತ. ಎಮ್ಮೆ ಬೇಲಿ ಕಲ್ಲಿಗೆ ಮೈ ಉಜ್ಜಿದ ಹಾಗೆ ಮುಂದಕ್ಕೆ ಹಿಂದಕ್ಕೆ, ಮುಂದಕ್ಕೆ ಹಿಂದಕ್ಕೆ. ಪಿನ್ನು ಚೊಕ್ಕಟ ಆಯಿತು ಅನ್ನಿ. ಹೊಟ್ಟೆ ಹಸಿಯಿತು. ಎದ್ದು ಅವ್ವನ ಒಲೆ ಕಡೆ ನಡೆದ.

ಬೊಮ್ಮಕ್ಕನಿಗೆ ಮೂಗಿಗೆ ಬಡಿಯಿತು ವಾಸನೆ. ಹನ್ನೆರಡು ವರ್ಷ ಶೆಡ್ಡಲ್ಲಿ ಇದ್ದವಳು, ಆ ಔಷಧಿಗೆ ಕಿಡಿ ತಾಗಿದರೆ ಏನಾಗುತ್ತೆ ಅಂತ ಗೊತ್ತು.

"ನಿಲ್ಲೋ ಅಲ್ಲೇ! ಒಲೆ ಹತ್ರ ಬರಬೇಡ!"

"ಹಸಿವವ್ವ..."

ಕೊಡದ ನೀರು ಎತ್ತಿ ಒಲೆಗೇ ಹುಯ್ದಳು ನೋಡಿ! ಚೊಂಯ್! ಹನ್ನೆರಡು ವರ್ಷದಲ್ಲಿ ಮೊದಲ ಸಲ ಹಗಲು ಹೊತ್ತು ಆ ಒಲೆ ಆರಿದ್ದು. ಜುಂಜ ಹೆದರಿ ತಿರುಗಿ ಓಡಿದ. ಹಿಂದಿಂದ ನೋಡಿದರೆ ಸೊಂಟದ ಕೆಳಗೆಲ್ಲ ಕೆಂಪೋ ಕೆಂಪು.

"ಅಯ್ಯಯ್ಯೋ! ನನ್ನ ಮಗನ ಹಿಂದೆ ಏನಾಯ್ತ್ರೋ!" ಅಂತ ಬೊಮ್ಮಕ್ಕ ಕುಸಿದು ಕೂತಳು.

ಏನೂ ಆಗಿಲ್ಲ ಅಂತ ತಿಳಿದ ಮೇಲೆ ಆಗಬೇಕಾದ್ದನ್ನು ಕೋಲಿನಿಂದ ಅವಳೇ ಮಾಡಿದಳು. ಆವತ್ತು ಶೆಡ್ಡಲ್ಲಿ ಯಾರಿಗೂ ಮುದ್ದೆ ಇಲ್ಲ. ಹಸಿದ ಹೊಟ್ಟೆಯಲ್ಲಿ ಪಾಲಯ್ಯ ಬೈದ, "ಬಟ್ಟೆ ಅಂದ್ರೆ ಕೈಯಲ್ಲಿ ಹಿಡ್ಕೊಳ್ಳೋ ಅರಿವೆ ಕಣೋ! ಅರಿವೆ! ನಾಳೆ ಬಿಳಿ ಹೊಡಿ. ಹೊಡೆದು ಅಲ್ಲಾಡದೆ ಅದರ ಎದುರಿಗೆ ಕೂತ್ಕೊ. ಬಿರುಕು ಬಾಯಿ ಬಿಡುತ್ತಾ ನೋಡು. ನೋಡೋ ತನಕ ಏಳಬೇಡ!"

"ಬಾಯಿ ಬಿಡೋ ತನಕ ಏಳಲ್ಲ."

ಶುಕ್ರವಾರ ಬಿಳಿ ಹೊಡೆದು ಎದುರಿಗೆ ಕೂತ. ಆ ಪಿನ್ನು ಸರಿಯಾಗೇ ಇತ್ತು, ಬಿರುಕೂ ಇಲ್ಲ, ಮಣ್ಣೂ ಇಲ್ಲ. ಬಾಯಿ ಎಲ್ಲಿಂದ ಬಿಡಬೇಕು? ಜುಂಜ ಕಾದ. ಬೇಡಿಕೊಂಡ. ಬೆಲ್ಲ ಇಟ್ಟ. ಗದರಿದ. ಮಧ್ಯಾಹ್ನ ದಾಟಿತು. ಮೇಸ್ತ್ರಿ ಏನಂದಿದ್ದರು? ಕಳ್ಳ ಬಾಯಿ ಬಿಟ್ಟಂಗೆ! ಕಳ್ಳರ ಬಾಯಿ ಬಿಡಿಸೋರು ಯಾರು? ಪಿನ್ನು ಹೆಗಲಿಗೇರಿಸಿ ಸೀದಾ ಪೊಲೀಸ್ ಠಾಣೆಗೆ ಹೋದ. ಮೇಜಿನ ಮೇಲೆ ಧಡ್ ಅಂತ ಇಟ್ಟ.

ದಫೇದಾರ್ ಓಬಳೇಶಪ್ಪ ನಿದ್ದೆಗಣ್ಣಲ್ಲಿ ಪುಸ್ತಕ ಬಿಡಿಸಿದರು.

"ಏನಪ್ಪ?"

"ಬಾಯಿ ಬಿಡ್ತಿಲ್ಲ ಸಾರ್. ಬೆಳಿಗ್ಗೆಯಿಂದ ಕೇಳ್ತಾ ಇದೀನಿ."

"ಯಾರು? ಹೆಸರೇಳು."

"ಬಕೆಟ್ಟಪ್ಪ."

"ತಂದೆ ಹೆಸರು?"

"ಜೆಸಿಬಿ."

ದಫೇದಾರ್ರು ಎರಡನ್ನೂ ಬರೆದುಕೊಂಡರು. ಪೆನ್ನು ಅಲ್ಲಿಗೆ ನಿಂತಿತು. "ಜೆಸಿಬಿ ಅಂದ್ರೆ... ಪೂರ್ತಿ ಹೆಸರೇನಪ್ಪ?"

"ಅಷ್ಟೇ ಸಾರ್. ಪಾಲಯ್ಯ ಮೇಸ್ತ್ರಿಗಳ ಕಡೆಯದು. ಒಳಗೆ ಬಿರುಕು ಐತೆ, ಬಚ್ಚಿಡ್ತಾ ಐತೆ."

ಠಾಣೆಯಲ್ಲಿ ಯಾವುದೋ ಬೇಲಿ ಜಗಳಕ್ಕೆ ಬಂದು ಕೂತಿದ್ದ ಹತ್ತು ಜನರ ಕಿವಿ ನೆಟ್ಟಗಾಯಿತು. ಪಾಲಯ್ಯ ಮೇಸ್ತ್ರಿ, ಒಳಗೆ ಬಿರುಕು, ಬಚ್ಚಿಡ್ತಾ ಐತೆ! ಸಂಜೆ ಹೊತ್ತಿಗೆ ಊರೆಲ್ಲ ಒಂದೇ ಮಾತು, "ಪಾಲಯ್ಯನ ಸಂಸಾರದಲ್ಲಿ ಬಿರುಕಂತೆ!" ಕತ್ತಲಾಗೋದರೊಳಗೆ ಹೆಂಡತಿಯ ಅಣ್ಣಂದಿರು ನಾಲ್ಕು ಜನ ಟೆಂಪೋ ಮಾಡಿಕೊಂಡು ಬಂದಿಳಿದರು. ಹೆಂಡತಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೇ ಅನುಮಾನ ಬಂದು ಅವಳೂ ಅಳೋದಕ್ಕೆ ಕೂತಳು.

ಅಳ್ತಿದ್ದ ಹೆಂಡತಿನ ನಗಿಸಿ, ಭಾವಮೈದುನರಿಗೆ ಕೋಳಿ ಕೊಯ್ಸಿ ಕಳಿಸಿದ ಪಾಲಯ್ಯ ಶನಿವಾರ ಬೆಳಿಗ್ಗೆ ಬಂದವನೇ ಜುಂಜನ ಎದೆ ಮೇಲಿನ ಅಂಗಿ ಹಿಡಿದ.

"ಇನ್ಮೇಲೆ ಬಿರುಕಿನ ವಿಷಯ ಯಾರ ಹತ್ರಾನೂ, ಯಾರ ಹತ್ರಾನೂ ತುಟಿ ಪಿಟಕ್ ಅಂದ್ಯೋ, ನಾಲಿಗೆ ಕಿತ್ತು ಕೈಗೆ ಕೊಡ್ತೀನಿ!"

ಜುಂಜ ತುಟಿ ಒತ್ತಿ ಮುಚ್ಚಿದ. ಹಂಗೇ ಮಾಡ್ತೀನಿ ಅಂತಲೂ ಅನ್ನಲಿಲ್ಲ.

ಹತ್ತು ಗಂಟೆಗೆ ಸಾವ್ಕಾರ್ರ ಕ್ರೇನು ಬಂತು. ಆಪರೇಟರ್ ಮಾಬು ಹುಕ್ಕು ಬಿಚ್ಚಿ ಕೊಟ್ಟ. ಟವೆಲು ಸುತ್ತಿದ ತಲೆಯಲ್ಲಿ ಸಾವ್ಕಾರ್ರು ಜೀಪಲ್ಲಿ ಕೂತು ಹಾರನ್ ಒತ್ತುತ್ತಾ ಇದ್ದರು. ಬೊಮ್ಮಕ್ಕ ಒಲೆ ಮುಂದೆ ಕೂತು ಮನೆದೇವರಿಗೆ ಕೈ ಮುಗಿದಳು.

ಇಲ್ಲಿ ಸ್ವಲ್ಪ ನಗೋದು ನಿಲ್ಲಿಸಿ ಕೇಳಿ. ಆವತ್ತು ಜುಂಜ ಎಲ್ಲವನ್ನೂ ಸರಿಯಾಗಿ ಮಾಡಿದ. ಐದು ದಿನದ ಬೈಗುಳ ಸಾಲಾಗಿ ನೆನಪಿತ್ತು. ಜಿಡ್ಡು ತೆಗೆದ, ಎಣ್ಣೆ ಹಚ್ಚಲಿಲ್ಲ. ಕೆಂಪು ಹೊಡೆದ, ಇದ್ದಲ್ಲೇ ಬಿಟ್ಟ. ಅರಿವೆಗೆ ಔಷಧಿ ಹಾಕಿ ಒರೆಸಿದ. ಬಿಳಿ ಹೊಡೆದು ಎದುರಿಗೆ ಕೂತ. ನೋಡ್ತಾ ನೋಡ್ತಾ, ಹುಕ್ಕಿನ ಕತ್ತಿನ ಹತ್ತಿರ, ಸುಣ್ಣದ ಗೋಡೆ ಮೇಲೆ ಇರುವೆ ಸಾಲು ಹೊರಟ ಹಾಗೆ, ಒಂದು ಕೆಂಪು ಗೆರೆ ಎದ್ದಿತು. ನಿಧಾನಕ್ಕೆ ಬೆಳೆಯಿತು. ಹುಕ್ಕು ಬಾಯಿ ಬಿಟ್ಟಿತು!

ಜುಂಜ ಬಾಯಿ ಮುಚ್ಚಿದ.

ಕೆಲಸ ಆದ ಮೇಲೆ ಒರೆಸಿಡಬೇಕು ಅಂತ ಗೊತ್ತಿತ್ತು, ಒರೆಸಿಟ್ಟ. ಪಾಲಯ್ಯ ಓಡಿ ಬಂದ. "ಏನಾದ್ರೂ ಕಾಣಿಸ್ತೇನೋ? ಸರಿಯಾಗಿದೆಯಾ?"

ಜುಂಜ ತಲೆ ಆಡಿಸಿದ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ, ಹೆಣ್ಣು ನೋಡೋಕೆ ಬಂದ ಗಂಡಿನ ಕಡೆಯವರು ಆಡಿಸ್ತಾರಲ್ಲ, ಹಂಗೆ. ಆಚೆ ಹಾರನ್ ಪೋಂ ಪೋಂ ಅಂತಿತ್ತು. ಎರಡನೇ ಸಲ ತಾನೇ ಕೂತು ನೋಡಬೇಕಾದ ಪಾಲಯ್ಯ ಆ ಪೋಂಗೆ ಹೆದರಿ ಹುಕ್ಕು ಕೊಟ್ಟುಬಿಟ್ಟ.

ಮಾಬು ಹುಕ್ಕು ಹಾಕಿದ. ಪರೀಕ್ಷೆಗೆ ಅಂತ ಹಳೇ ಜೆಸಿಬಿ ಬಕೆಟ್ಟಿಗೆ ಕಲ್ಲು ತುಂಬಿ ಎತ್ತಿದ. ಬಕೆಟ್ಟು ಆಳೆತ್ತರ ಹೋಯಿತು, ಎರಡಾಳೆತ್ತರ ಹೋಯಿತು. ಸಾವ್ಕಾರ್ರು ಜೀಪಿಂದ ಇಳಿದು, ಸೊಂಟದ ಮೇಲೆ ಕೈಯಿಟ್ಟು, ಅದರ ನೇರ ಕೆಳಗೇ ಬಂದು ನಿಂತರು. ಅವರು ನಿಂತ ಮೇಲೆ ಬಾಲದ ಹಾಗೆ ಶೆಡ್ಡಿನವರು ಆರೇಳು ಜನ ನಿಂತರು.

ಜುಂಜನಿಗೆ ಬೆವರು ಕಿತ್ತುಕೊಂಡಿತು. ಬಾಯಿ ತೆಗೆಯೋ ಹಾಗಿಲ್ಲ. ಸಾವ್ಕಾರ್ರ ಮೈ ಮುಟ್ಟೋ ಹಾಗಿಲ್ಲ. ಮೇಸ್ತ್ರಿ ಏನು ಹೇಳಿದ್ದರು? ಬಿರುಕಿರೋ ಹುಕ್ಕಿನ ಕೆಳಗೆ ಹೆತ್ತ ತಾಯಿ ನಿಂತಿದ್ರೂ ರಟ್ಟೆ ಹಿಡಿದು ಎಳೆದು ಆಚೆ ಹಾಕು!

ಹುಕ್ಕಿನ ಕೆಳಗೆ ನೋಡಿದ. ಎಲ್ಲರೂ ಇದ್ದಾರೆ. ಹೆತ್ತ ತಾಯಿ ಎಲ್ಲಿ? ಇಲ್ಲ! ಅವಳು ನಿಲ್ಲದೆ ಎಳೆಯೋದು ಹೆಂಗೆ?

ಗುಡಿಸಲಿಗೆ ಓಡಿದ. ಮುದ್ದೆ ತಿರುವುತ್ತಾ ಇದ್ದ ಬೊಮ್ಮಕ್ಕನ್ನ ಕೋಲು ಸಮೇತ ಎತ್ತಿಕೊಂಡ. ಓಡಿ ಬಂದ. ಹುಕ್ಕಿನ ನೇರ ಕೆಳಗೆ, ಸಾವ್ಕಾರ್ರ ಪಕ್ಕ ನಿಲ್ಲಿಸಿದ. ಒಂದು ಹೆಜ್ಜೆ ಹಿಂದೆ ಸರಿದು ಸರಿಯಾಗಿ ನಿಂತಿದ್ದಾಳಾ ನೋಡಿದ. ಆಮೇಲೆ ರಟ್ಟೆ ಹಿಡಿದು ಎಳೆದ!

"ಅಯ್ಯೋ! ಬಿಡೋ! ಮಗ ನನ್ನ ಸಾಯಿಸ್ತಾನಲ್ರಪ್ಪೋ!"

ಜುಂಜ ಬಿಡಲಿಲ್ಲ. ದರದರ ಎಳೆದ. ಬೊಮ್ಮಕ್ಕ ಬಿಸಿ ಮುದ್ದೆ ಮೆತ್ತಿದ ಕೋಲಲ್ಲಿ ಬಾರಿಸಿದಳು. "ಹೆತ್ತವ್ವನ್ನ ಎಳೀತಾನೆ, ಹಿಡೀರೋ ಆ ಪಾಪೀನ!" ಅಂತ ಸಾವ್ಕಾರ್ರು ನುಗ್ಗಿದರು. ಅವರ ಹಿಂದೆ ಪಾಲಯ್ಯ, ಪಾಲಯ್ಯನ ಹಿಂದೆ ಮಿಕ್ಕವರು. ಅಂಗಳದ ಆ ಮೂಲೆಯಲ್ಲಿ ಎಲ್ಲರೂ ಜುಂಜನ ಮೇಲೆ ಬಿದ್ದರು.

ಟಣ್ ಅಂತ ಒಂದು ಸದ್ದು. ಆಮೇಲೆ ಧಡ್ಡ್‌!

ಧೂಳು ಕೂತ ಮೇಲೆ ತಿರುಗಿ ನೋಡಿದರು. ಮೇಲೆ ಮುರಿದ ಹುಕ್ಕು ತೂಗ್ತಾ ಇತ್ತು. ಕೆಳಗೆ ಕಲ್ಲು ತುಂಬಿದ ಬಕೆಟ್ಟು ನೆಲದಲ್ಲಿ ಮೊಳ ಇಳಿದಿತ್ತು. ಬಕೆಟ್ಟಿನ ಅಡಿಯಿಂದ ಸಾವ್ಕಾರ್ರ ಒಂದು ಚಪ್ಪಲಿಯ ಮೂತಿ ಕಾಣುತ್ತಿತ್ತು. ಓಡುವಾಗ ಕಳಚಿ ಬಿದ್ದದ್ದು.

ಪಾಲಯ್ಯ ಜುಂಜನ ಕಡೆ ತಿರುಗಿದ.

"ನಿಂಗೆ... ನಿಂಗೆ ಬಿರುಕು ಕಂಡಿತ್ತೇನೋ?"

ಜುಂಜ ತಲೆಯಾಡಿಸಿದ. ಈ ಸಲ ಮೇಲೆ ಕೆಳಗೆ.

"ಹೇಳೋಕೆ ಏನಾಗಿತ್ತೋ ಧಾಡಿ! ಬಾಯಿ ಬಿಡೋ!"

"ಬಿಡಬಹುದಾ?" ಅಂದ ಜುಂಜ. "ನಾಲಿಗೆ ಕೀಳಲ್ವಾ?"

ಪಾಲಯ್ಯ ಆ ಧೂಳಲ್ಲೇ ಕೂತುಬಿಟ್ಟ. ಸಾವ್ಕಾರ್ ರುದ್ರಮುನಿ ತಲೆಯ ಟವೆಲು ಬಿಚ್ಚಿ ಮುಖದ ಬೆವರು ಒರೆಸಿಕೊಂಡರು. ಬಿಳೀ ಕೂದಲು ಗಾಳಿಗೆ ಹಾರಿತು. "ತಲೆ ಕೆಡಿಸಿದವನೂ ಇವನೇ, ತಲೆ ಉಳಿಸಿದವನೂ ಇವನೇ. ಇವನನ್ನ ಏನು ಮಾಡೋಣಯ್ಯ ಪಾಲಯ್ಯ?" ಅಂದರು. ಆವತ್ತಿಂದ ಕೂದಲಿಗೆ ಕಪ್ಪು ಹಚ್ಚಲಿಲ್ಲವಂತೆ. ಅದೊಂದನ್ನ ಮಾತ್ರ ನಾನು ಯಾರಾಣೆ ಬೇಕಾದರೂ ಇಟ್ಟು ಹೇಳ್ತೀನಿ.

"ಬೊಮ್ಮಕ್ಕ" ಅಂದ ಪಾಲಯ್ಯ, "ನಿನ್ನ ಒಲೆ ಇಲ್ಲೇ ಇರುತ್ತೆ. ನಾನಿರೋ ತನಕ." ಬೊಮ್ಮಕ್ಕ ಮಗನ ಬೆನ್ನಿಂದ ಮುದ್ದೆ ಬಿಡಿಸ್ತಾ ಮೂಗು ಒರೆಸಿಕೊಂಡಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಪಾಲಯ್ಯ ಇನ್ನೊಂದು ಬುದ್ಧಿ ಹೇಳಿದ. "ನೋಡು ಜುಂಜ, ಇನ್ಮೇಲೆ ಬಿರುಕು ಕಂಡ್ರೆ ಬಾಯಿ ಮುಚ್ಚಬೇಡ. ಗಂಟಲು ಹರಿಯೋ ಹಂಗೆ ಕೂಗು! ಸೀಮೆಸುಣ್ಣದಲ್ಲಿ ಗುಜರಿ ಅಂತ ಬರಿ, ಎತ್ತಿ ಗುಜರಿ ರಾಶಿ ಮೇಲಿಡು. ಯಾರದ್ದು, ಎಂಥದ್ದು, ಎಷ್ಟು ವರ್ಷ ದುಡಿದದ್ದು ಅಂತ ಮುಲಾಜು ನೋಡಬೇಡ!"

"ಹಂಗೇ ಮಾಡ್ತೀನಿ" ಅಂದ ಜುಂಜ.

ಸೋಮವಾರ ಮಧ್ಯಾಹ್ನ. ಎಲ್ಲರಿಗೂ ಮುದ್ದೆ ಹಾಕಿ, ತಾನೂ ಉಂಡು, ಬೊಮ್ಮಕ್ಕ ಗುಡಿಸಲ ನೆರಳಲ್ಲಿ ಗೋಣಿ ಹಾಸಿಕೊಂಡು ಕಾಲು ಚಾಚಿ ಮಲಗಿದ್ದಳು. ವಾರದ ಆಯಾಸ, ಗೊರಕೆ ಬರ್ತಾ ಇತ್ತು. ಜುಂಜ ಆ ಕಡೆಯಿಂದ ಬಂದ. ಕಾಲು ನೋಡಿದ. ಹಿಮ್ಮಡಿ ನೋಡಿದ. ಹನ್ನೆರಡು ವರ್ಷ ಬೂದಿ, ಬಿಸಿಲು, ಕಾದ ನೆಲ ತುಳಿದ ಹಿಮ್ಮಡಿ. ಬಿರುಕು!

ಗ್ಲೌಸು ಹಾಕಿದ. ಕನ್ನಡಕ ಹಾಕಿದ. ಒಲೆ ಆರಿದೆಯಾ ನೋಡಿದ. ಗಾಳಿ ಆಡ್ತಾ ಇದೆಯಾ ನೋಡಿದ. ಒರೆಸಿದ, ಕೆಂಪು ಬಳಿದ, ಹತ್ತು ನಿಮಿಷ ಇದ್ದಲ್ಲೇ ಬಿಟ್ಟ, ಅರಿವೆಯಲ್ಲಿ ಒರೆಸಿದ, ಬಿಳಿ ಹೊಡೆದು ಎದುರಿಗೆ ಕೂತ. ಎದ್ದವು ನೋಡಿ ಗೆರೆಗಳು! ಒಂದಲ್ಲ, ಎರಡಲ್ಲ, ಎಡಗಾಲಲ್ಲಿ ಹದಿನಾಲ್ಕು, ಬಲಗಾಲಲ್ಲಿ ಹದಿಮೂರು.

"ಅಬ್ಬಬ್ಬಾ! ಇಷ್ಟೊಂದು ಬಿರುಕು ಇಟ್ಕೊಂಡು ಇಷ್ಟು ವರ್ಷ ಹೆಂಗಪ್ಪ ಭಾರ ಹೊತ್ತಿತು ಇದು!" ಅಂದ. ಕಣ್ಣಲ್ಲಿ ನೀರು ಬಂತು. ಆದರೆ ಮುಲಾಜು ನೋಡಬಾರದಲ್ಲ. ಅಂಗಾಲಿನ ಮೇಲೆ ಸೀಮೆಸುಣ್ಣದಲ್ಲಿ 'ಗುಜರಿ' ಅಂತ ಬರೆದ. ಗೋಣಿ ಸಮೇತ ಮೆಲ್ಲಗೆ ಎತ್ತಿದ. ಗುಜರಿ ರಾಶಿ ಮೇಲೆ, ಮುರಿದ ಹುಕ್ಕಿನ ಪಕ್ಕ ಮಲಗಿಸಿದ.

ಆಮೇಲೆ ಕೂಗಿದ. ಗಂಟಲು ಹರಿಯೋ ಹಂಗೆ.

ಬೊಮ್ಮಕ್ಕ ಬೆಚ್ಚಿ ಎದ್ದಳು. ಸುತ್ತ ತುಕ್ಕು ಕಬ್ಬಿಣ. ಕಾಲು ನೋಡಿಕೊಂಡಳು. ಓದೋಕೆ ಬರುತ್ತಿತ್ತು, ಅದೇ ತಪ್ಪಾಯಿತು. ಕೈಗೆ ಸಿಕ್ಕ ಕಬ್ಬಿಣದ ಸರಳು ಹಿಡಿದು ರಾಶಿ ಮೇಲಿಂದ ಧುಮುಕಿದಳು. ಜುಂಜ ರಸ್ತೆಗೆ ಓಡಿದ. ಅವಳೂ ಓಡಿದಳು, ಅದೇ ಇಪ್ಪತ್ತೇಳು ಬಿರುಕಿನ ಕಾಲಲ್ಲಿ. ಬೇವಿನ ಮರ ದಾಟಿತು, ಗೇರ್ ಚಕ್ರದ ದೇವರು ದಾಟಿತು, ಲಾರಿಗಳು ಬ್ರೇಕು ಹಾಕಿದವು. ಮುಂದೆ ಮುಂದೆ ಓಡ್ತಾ ಜುಂಜ, ಪಾಪ, ಆಗಲೂ ಮೇಸ್ತ್ರಿ ಹೇಳಿದ ಕೆಲಸ ಮರೆತಿರಲಿಲ್ಲ:

"ಬಿರುಕೈತೆ! ಬಿರುಕೈತೆ! ಪಕ್ಕಕ್ಕೆ ಸರೀರಪ್ಪೋ, ಕೆಳಗ್ಯಾರೂ ನಿಲ್ಲಬೇಡ್ರಿ!"